ಹೆತ್ತವರ ಮೇಲೆ ಎತ್ತಿದ ಕೊಡಲಿ

ಬೆಳಗಾವಿಯಿಂದ ಚೋರ್ಲಾ ಘಾಟಿನ ಮಾರ್ಗವಾಗಿ ಗೋವೆಯತ್ತ ಹೋಗುವವರಿಗೆ, ಸಹ್ಯಾದ್ರಿಯ ಇಳಿಜಾರು ಆರಂಭವಾಗುವುದಕ್ಕೆ ಮುನ್ನ, ಕಣಕುಂಬಿ ಎಂಬ ಸಣ್ಣ ಊರು ದೊರೆಯುತ್ತದೆ. ಖಾನಾಪುರ ತಾಲೂಕಿಗೆ ಸೇರಿದ, ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಮಲಪ್ರಭಾ ನದಿ ಹುಟ್ಟುತ್ತದೆ. ಅಲ್ಲಿಯ ಗುಡಿ ಮಾವುಲಿಯದು. ಆ ಭಾಗದ ಮರಾಠಿ ಮಾತಿನಲ್ಲಿ ಮಾವುಲಿ ಎಂದರೆ ತಾಯಿ. ತಾಯಿಯ ಹೆಸರಿನ ನೆಲೆಯಲ್ಲಿ ಹುಟ್ಟಿದ ನದಿಯು ಪೂರ್ವಕ್ಕೆ ಹರಿದು, ಸವದತ್ತಿಯ ಎಲ್ಲಮ್ಮನ ಗುಡ್ಡದ ಸೀಮೆಯನ್ನು ಹಾಯ್ದು, ಸುಮಾರು 300 ಕಿಲೋಮೀಟರ್ ಕ್ರಮಿಸಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಈ ನದಿಯೊಡನೆ ನಾಡಿನ ಜನ ಒಂದು ಕೊಲೆಯ ಕಥೆಯನ್ನು ಶತಮಾನಗಳಿಂದ ಸೇರಿಸಿಕೊಂಡು ಬಂದಿದ್ದಾರೆ. ಅದು ಮಗನು ತಾಯಿಯನ್ನು ಕೊಂದ ಕಥೆ.

ಸವದತ್ತಿಯ ಸೀಮೆಯಲ್ಲಿ ಹೇಳುವಂತೆ, ಜಮದಗ್ನಿ ಋಷಿಯ ಪತ್ನಿ ರೇಣುಕೆಯು ಪ್ರತಿದಿನ ಮಲಪ್ರಭೆಗೆ ಹೋಗಿ, ಹಸಿ ಮರಳಿನಿಂದಲೇ ಕೊಡವನ್ನು ಮಾಡಿ, ಹಾವನ್ನು ಸಿಂಬಿಯಾಗಿಸಿಕೊಂಡು ನೀರು ತರುತ್ತಿದ್ದಳು. ಒಂದು ದಿನ ಜಲಕ್ರೀಡೆಯಲ್ಲಿದ್ದ ಗಂಧರ್ವರನ್ನು ಕಂಡು ಅವಳ ಮನಸ್ಸು ಕ್ಷಣಕಾಲ ಚಲಿಸಿತು, ಮರಳು ಕೊಡವಾಗಲಿಲ್ಲ. ಬರಿಗೈಯಲ್ಲಿ ಮರಳಿದ ಪತ್ನಿಯ ತಲೆ ಕಡಿಯುವಂತೆ ಋಷಿ ಮಕ್ಕಳಿಗೆ ಆಜ್ಞಾಪಿಸಿದ. ಹಿರಿಯ ಮಕ್ಕಳು ಒಲ್ಲೆವೆಂದು ಶಾಪಕ್ಕೆ ಗುರಿಯಾದರು. ಕಿರಿಯವನಾದ ಪರಶುರಾಮ ಕೊಡಲಿ ಎತ್ತಿದ. ಮೆಚ್ಚಿದ ತಂದೆ ವರ ಕೇಳೆಂದಾಗ ಅವನು ಬೇಡಿದ್ದೇನೆಂಬುದನ್ನು ಮಹಾಭಾರತದ ವನಪರ್ವ ಹೇಳುತ್ತದೆ: ತಾಯಿ ಮತ್ತೆ ಬದುಕಬೇಕು, ಕೊಲೆಯಾದ ನೆನಪು ಅವಳಿಗೆ ಇರಬಾರದು, ಪಾಪ ತನ್ನನ್ನು ಮುಟ್ಟಬಾರದು, ಅಣ್ಣಂದಿರು ಮೊದಲಿನಂತಾಗಬೇಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ‘ಉಧೋ ಉಧೋ’ ಎಂದು ಗುಡ್ಡ ಹತ್ತುವ ಜನಸಮೂಹವು ಕೊಂದವನಿಗಿಂತ ಹೆಚ್ಚಾಗಿ ಕೊಲೆಯಾದ ತಾಯಿಯನ್ನೇ ಪೂಜಿಸುತ್ತದೆ ಎಂಬುದು ಗಮನಾರ್ಹ. ಮಗನ ಪಿತೃಭಕ್ತಿಯನ್ನು ಪುರಾಣಿಕರು ಎಷ್ಟೇ ಕೊಂಡಾಡಲಿ, ಜನರ ಮನಸ್ಸು ಯಾರ ಪಕ್ಷದಲ್ಲಿದೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಇದೇ ಖಾನಾಪುರ ತಾಲೂಕಿನ ಹಲಸಿಯಲ್ಲಿ, ಅಂದರೆ ಕದಂಬರ ಕಾಲದ ಪಲಾಶಿಕೆಯಲ್ಲಿ, ಇದಕ್ಕೆ ನೇರ ವಿರುದ್ಧವಾದ ಮತ್ತೊಂದು ನೆನಪಿದೆ. ಐದನೆಯ ಶತಮಾನದ ಕದಂಬ ದೊರೆ ಮೃಗೇಶವರ್ಮನು ಗತಿಸಿದ ತನ್ನ ತಂದೆಯ ಮೇಲಣ ಭಕ್ತಿಯಿಂದ ಅಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ ಭೂಮಿಯನ್ನು ದಾನವಿತ್ತನೆಂದು ಅವನ ತಾಮ್ರಶಾಸನವು ತಿಳಿಸುತ್ತದೆ. ತಂದೆಗಾಗಿ ಬಸದಿಯನ್ನು ಕಟ್ಟಿದ ಮಗನೂ ತಾಯಿಯ ಕೊರಳಿಗೆ ಕೊಡಲಿಯಿಟ್ಟ ಮಗನೂ ಒಂದೇ ಸೀಮೆಯ ಸ್ಮೃತಿಯಲ್ಲಿ ಕೂಡಿಯೇ ಉಳಿದಿದ್ದಾರೆ.

ಹೆತ್ತವರನ್ನು ಮಕ್ಕಳೇ ಕೊಂದ ವಾರ್ತೆಯು ವೃತ್ತಪತ್ರಿಕೆಗಳಲ್ಲಿ ಬಂದಾಗಲೆಲ್ಲ ಶ್ರಾವಕರ ಮನೆಗಳಲ್ಲಿ ಕೇಳಿಬರುವ ಮೊದಲ ಮಾತು, “ಇದು ಪಂಚಮ ಕಾಲ” ಎಂಬುದು. ಕಾಲವನ್ನು ದೂಷಿಸಿದರೆ ಕಾರಣವನ್ನು ಹುಡುಕುವ ಶ್ರಮ ಉಳಿಯುತ್ತದೆ. ಆದರೆ ಜೈನ ಪರಂಪರೆಯು ಈ ನೆವವನ್ನು ತನ್ನವರಿಗೆ ಬಿಟ್ಟುಕೊಟ್ಟಿಲ್ಲ. ಪರಂಪರೆಗೆ ತಿಳಿದಿರುವ ಅತ್ಯಂತ ಪ್ರಸಿದ್ಧವಾದ ಪಿತೃದ್ರೋಹವು ನಡೆದದ್ದು ಚತುರ್ಥ ಕಾಲದಲ್ಲಿ. ಭಗವಾನ್ ಮಹಾವೀರರು ಇನ್ನೂ ವಿಹರಿಸುತ್ತಿದ್ದಾಗ. ಅದೂ ಅವರ ಸಮವಸರಣವು ನೆರೆದಿದ್ದ ರಾಜಗೃಹದಲ್ಲಿ. ಅವರ ಶ್ರಾವಕಶ್ರೇಷ್ಠನ ಮನೆಯಲ್ಲಿ. ಶ್ರೇಣಿಕ ಮಹಾರಾಜನು ಕೇಳಿದನು, ಗೌತಮ ಗಣಧರರು ಹೇಳಿದರು ಎಂದೇ ಜೈನ ಪುರಾಣಗಳು ಆರಂಭವಾಗುವುದು ವಾಡಿಕೆ. ಪುರಾಣಗಳ ಆ ಪ್ರಥಮ ಶ್ರೋತೃವೇ, ಮುಂಬರುವ ಉತ್ಸರ್ಪಿಣಿಯ ಪ್ರಥಮ ತೀರ್ಥಂಕರನಾಗಲಿರುವ ಆ ಜೀವವೇ, ತನ್ನ ಮಗನ ಸೆರೆಯಲ್ಲಿ ಸತ್ತಿತು. ಸದ್ಧರ್ಮವನ್ನು ಕೇಳಿದ ಮನೆಯಲ್ಲಿ ಇಂಥದು ನಡೆಯದು ಎಂಬ ನಂಬಿಕೆಗೆ ಇಲ್ಲಿ ಆಸ್ಪದವಿಲ್ಲ.

ನಿರಯಾವಲಿಯಾ ಆಗಮವು ಈ ಕಥೆಯನ್ನು ವಿಸ್ತಾರವಾಗಿ ಹೇಳುತ್ತದೆ. ರಾಣಿ ಚೇಲನೆ ಗರ್ಭಿಣಿಯಾದಾಗ ಪತಿಯ ಎದೆಯ ಮಾಂಸವನ್ನು ತಿನ್ನಬೇಕೆಂಬ ಭೀಕರವಾದ ಬಯಕೆ ಅವಳಲ್ಲಿ ಹುಟ್ಟಿತು. ಹುಟ್ಟಲಿರುವ ಮಗು ತಂದೆಗೆ ಕಂಟಕವೆಂದು ಬಗೆದ ಅವಳು, ಹೆತ್ತ ಕೂಡಲೇ ಅದನ್ನು ಕಸದ ತಿಪ್ಪೆಗೆ ಎಸೆಯಿಸಿದಳು. ಅಲ್ಲಿ ಕೋಳಿಯೊಂದು ಕೂಸಿನ ಬೆರಳನ್ನು ಕುಕ್ಕಿತು. ವಿಷಯ ತಿಳಿದ ಶ್ರೇಣಿಕನು ಮಗುವನ್ನು ತರಿಸಿ, ರಾಣಿಯನ್ನು ಗದರಿಸಿ, ಸಾಕುವಂತೆ ಆಜ್ಞಾಪಿಸಿದ. ಬೆರಳು ಕೀತು ಮಗು ಚೀರಿದಾಗಲೆಲ್ಲ ಆ ಬೆರಳನ್ನು ತನ್ನ ಬಾಯಲ್ಲಿಟ್ಟು, ಕೀವನ್ನು ಹೀರಿ, ನೋವನ್ನು ಶಮನಗೊಳಿಸಿದ. ಬೆರಳಿನ ಆ ಊನದಿಂದಲೇ ಮಗನಿಗೆ ಕೂಣಿಕನೆಂಬ ಹೆಸರು ಬಂತು. ಬೌದ್ಧ ಗ್ರಂಥಗಳು ಅಜಾತಶತ್ರು ಎಂದು ಕರೆಯುವವನು ಈತನೇ.

ಬೆಳೆದ ಕೂಣಿಕನಿಗೆ ತಂದೆ ಬದುಕಿರುವವರೆಗೆ ರಾಜ್ಯ ತನಗೆ ದಕ್ಕದೆಂದು ತೋರಿತು. ಸೋದರರನ್ನು ಒಡಗೂಡಿಸಿಕೊಂಡು ತಂದೆಯನ್ನು ಸಂಕೋಲೆಯಲ್ಲಿಟ್ಟು ಪಟ್ಟವೇರಿದ. ಒಂದು ದಿನ ತಾಯಿಗೆ ನಮಸ್ಕರಿಸಲು ಹೋದಾಗ ಅವಳ ಮುಖದಲ್ಲಿ ಸಂತೋಷ ಕಾಣಲಿಲ್ಲ. ಮಗನು ಅರಸನಾದರೂ ತಾಯಿಗೆ ಹರ್ಷವೇಕಿಲ್ಲವೆಂದು ಕೇಳಿದಾಗ, ತಿಪ್ಪೆಯ ಸಂಗತಿಯನ್ನೂ ಬೆರಳಿನ ಸಂಗತಿಯನ್ನೂ ಅವಳು ಆಗ ಹೇಳಿದಳು. ಕೇಳಿದ ಕೂಣಿಕ ಪಶ್ಚಾತ್ತಾಪದಿಂದ ಬೆಂದು, ತಂದೆಯ ಸಂಕೋಲೆಯನ್ನು ತಾನೇ ಕಡಿಯುವೆನೆಂದು ಕೊಡಲಿಯನ್ನು ಹಿಡಿದು ಸೆರೆಮನೆಗೆ ಧಾವಿಸಿದ. ಕೊಡಲಿ ಹಿಡಿದು ಬರುತ್ತಿರುವ ಮಗನನ್ನು ಕಂಡ ತಂದೆ, ತನ್ನನ್ನು ಕೊಲ್ಲಲು ಬಂದನೆಂದೇ ತಿಳಿದು, ಮಗನಿಗೆ ಆ ಪಾತಕ ತಟ್ಟದಿರಲೆಂದೋ ಭಯದಿಂದಲೋ, ತಾಲಪುಟ ವಿಷವನ್ನು ಬಾಯಲ್ಲಿಟ್ಟುಕೊಂಡು ಪ್ರಾಣಬಿಟ್ಟ. ಸಾವು ಬಂದ ಬಗೆಯನ್ನು ಹೇಳುವಲ್ಲಿ ಸಂಪ್ರದಾಯಗಳಿಗೆ ಸ್ವಲ್ಪ ವ್ಯತ್ಯಾಸವಿದೆ. ಬಿಡಿಸಲು ಬಂದವನು ಕೊಲ್ಲಲು ಬಂದವನಂತೆ ಕಂಡ ಎಂಬ ತಿರುಳು ಮಾತ್ರ ಬದಲಾಗಿಲ್ಲ.

ಪರಶುರಾಮನ ಕೊಡಲಿ ಆಜ್ಞೆಯ ಕೊಡಲಿ. ಅದು ಗುರಿಯನ್ನು ಮುಟ್ಟಿತು. ಕೂಣಿಕನ ಕೊಡಲಿ ಬಿಡುಗಡೆಯದು. ಅದು ಯಾರ ಮೈಯನ್ನೂ ಮುಟ್ಟಲಿಲ್ಲ, ಆದರೂ ತಂದೆ ಸತ್ತ. ತನಗೆ ದೊರೆತ ಪ್ರೀತಿಯೂ ತನಗಾದ ತಿರಸ್ಕಾರವೂ ಕೂಣಿಕನಿಗೆ ತಿಳಿದದ್ದು ಒಂದೇ ಗಳಿಗೆಯಲ್ಲಿ, ಅದೂ ತಂದೆ ಸೆರೆಯಲ್ಲಿದ್ದಾಗ. ಅಷ್ಟು ವರ್ಷ ಆ ಅರಮನೆಯಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ. ಹುಟ್ಟಿದ ದಿನವೇ ತಿಪ್ಪೆಗೆ ಬಿದ್ದವನೆಂದು ದಾಸಿಯರು ಬಲ್ಲರು, ರಾಣಿ ಬಲ್ಲಳು, ರಾಜ ಬಲ್ಲ. ಬೆಳೆಯುವ ಮಗನೊಬ್ಬನಿಗೆ ಮಾತ್ರ ತಿಳಿಯದು. ಮಾತಿನಲ್ಲಿ ತಿಳಿಯದಿದ್ದರೂ ತಾಯಿಯ ನೋಟದಲ್ಲಿದ್ದ ಶಂಕೆಯು ಅವನಿಗೆ ದಿನವೂ ತಿಳಿಯುತ್ತಿದ್ದಿರಬೇಕು. ಮಗುವು ಶತ್ರುವೆಂದು ಮೊದಲೇ ನಿರ್ಣಯಿಸಿದ ಮನೆಯಲ್ಲಿ ಅದು ಶತ್ರುವಾಗಿ ಬೆಳೆದದ್ದು ಪೂರ್ವಭವದ ವೈರದಿಂದ ಎಂದು ಕಥೆ ಹೇಳುತ್ತದೆ. ಆ ವೈರವು ಉದಯಕ್ಕೆ ಬರಲು ಬೇಕಾದ ನಿಮಿತ್ತಗಳನ್ನು ಒದಗಿಸಿದ್ದು ಆ ಮನೆಯೇ ಎಂಬುದನ್ನೂ ಅದೇ ಕಥೆ ಮರೆಮಾಚದೆ ಹೇಳುತ್ತದೆ.

ತಂದೆಯ ಆಜ್ಞೆಯನ್ನು ಪಾಲಿಸಿದವನಿಗೆ ದೋಷವಿಲ್ಲವೇ ಎಂಬ ಪರಶುರಾಮನ ಪ್ರಶ್ನೆಗೆ ಉತ್ತರವು ಕನ್ನಡ ಜೈನ ವಾಚಕರಿಗೆ ಹೊಸದಲ್ಲ. 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯಲ್ಲಿ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಗೊಡುತ್ತಾನೆ. ಜೀವವಿಲ್ಲದ ಕೋಳಿ, ತಾಯಿಯ ಮಾತು. ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳಿಬ್ಬರೂ ಭವಭವಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ತೊಳಲುತ್ತಾರೆ. ಕೊನೆಗೆ ಕೋಳಿಗಳಾಗಿದ್ದಾಗ ಅವರನ್ನು ಬಾಣದಿಂದ ಕೊಂದವನು ಯಶೋಧರನ ಸ್ವಂತ ಮಗ ಯಶೋಮತಿ. ತಾನು ಕೊಂದದ್ದು ತಂದೆಯನ್ನೂ ಅಜ್ಜಿಯನ್ನೂ ಎಂಬುದು ಅವನಿಗೆ ತಿಳಿದಿರಲಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಜೈನಾಚಾರವು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಆಜ್ಞೆ ಮಾಡಿದ ಜಮದಗ್ನಿಯದು ಕಾರಿತ, ಕಡಿದ ಪರಶುರಾಮನದು ಕೃತ; ಒಂದರಿಂದ ಮತ್ತೊಂದು ತೊಳೆದುಹೋಗದು. ಪಾಪ ತನ್ನನ್ನು ಮುಟ್ಟದಿರಲೆಂದು ಪರಶುರಾಮ ವರ ಬೇಡಿದನೆಂಬ ಸಂಗತಿಯೇ, ಅದು ಪಾಪವೆಂದು ಅವನಿಗೆ ತಿಳಿದಿತ್ತು ಎಂಬುದಕ್ಕೆ ಸಾಕ್ಷಿ. ಒಲ್ಲೆವೆಂದ ಅಣ್ಣಂದಿರನ್ನು ಯಾವ ಹುಣ್ಣಿಮೆಯಂದೂ ಯಾರೂ ನೆನೆಯುವುದಿಲ್ಲ. ಅದೊಂದು ಅನ್ಯಾಯವೆಂದೇ ಹೇಳಬೇಕು.

ಶ್ರಾವಕನ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಎಣಿಸುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನನೀರನ್ನು ತಡೆಯುವುದು. ಸ್ವಾಧ್ಯಾಯಗಳಲ್ಲಿ ಇವನ್ನು ಎತ್ತು, ಕುದುರೆ, ಆಳುಗಳ ದೃಷ್ಟಾಂತದಿಂದ ವಿವರಿಸುವುದು ರೂಢಿ. ಎತ್ತುಗಳು ಮನೆಗಳಿಂದ ಹೊರಟುಹೋದ ಮೇಲೂ ಆ ದೃಷ್ಟಾಂತ ಮಾತ್ರ ಹಾಗೆಯೇ ಉಳಿದಿದೆ. ಎತ್ತಿನ ಜಾಗದಲ್ಲಿ ಮಗುವನ್ನಿಟ್ಟು ಅದೇ ಐದನ್ನು ಓದಿದರೆ ಅರ್ಥ ಬೇರೆಯಾಗುತ್ತದೆ. ಕೋಣೆಯಲ್ಲಿ ಕೂಡಿಹಾಕುವುದು, ಬೆಲ್ಟಿನಿಂದ ಬಾರಿಸುವುದು, ಅಂಕ ಕಡಿಮೆ ಬಂದುದಕ್ಕೆ ಊಟ ತಪ್ಪಿಸುವುದು, ತಂದೆಗೆ ದಕ್ಕದೆ ಹೋದ ಡಾಕ್ಟರ್ ಪದವಿಯ ಹೊರೆಯನ್ನು ಮಗನ ಬೆನ್ನಿಗೆ ಹೇರುವುದು: ಇವೆಲ್ಲ ಶಿಸ್ತೆಂಬ ಹೆಸರಿನಲ್ಲಿ ನಡೆಯುತ್ತವೆ. ಇರುವೆಯನ್ನು ತುಳಿಯದಂತೆ ನಡೆಯುವ, ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವ ಮನೆಯಲ್ಲಿಯೂ ಇವು ನಡೆಯಬಲ್ಲವು. ಅದೇ ಐದನ್ನು ವೃದ್ಧ ತಂದೆತಾಯಿಯರ ವಿಷಯದಲ್ಲಿ ಓದಿದರೆ, ಮಕ್ಕಳು ಮಾಡುವುದೂ ಅದರಲ್ಲಿ ಬರೆದಿದೆ. ಕೂಣಿಕನು ಮಾಡಿದ್ದು ಅದರ ಮೊದಲನೆಯದನ್ನೇ. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂದು ಆಚಾರ್ಯರು ವ್ರತಭಂಗಕ್ಕೆ ಮೆಟ್ಟಿಲುಗಳನ್ನು ಹೇಳಿದ್ದಾರೆ. ಹೆತ್ತವರ ಕೊಲೆಯು ನಾಲ್ಕನೆಯ ಮೆಟ್ಟಿಲು. ವೃತ್ತಪತ್ರಿಕೆಗೆ ಕಾಣುವುದು ಅದೊಂದೇ. ಮೊದಲಿನ ಮೂರೂ ಮುಚ್ಚಿದ ಬಾಗಿಲ ಹಿಂದೆ ವರ್ಷಗಟ್ಟಲೆ ನಡೆದಿರುತ್ತವೆ.

ಆಧುನಿಕ ಅಪರಾಧಶಾಸ್ತ್ರವು ಬೇರೆ ದಾರಿಯಿಂದ ಬಂದು ಬಹುಮಟ್ಟಿಗೆ ಇದೇ ಸ್ಥಳವನ್ನು ಮುಟ್ಟಿದೆ. ಅಮೆರಿಕದ ದಕ್ಷಿಣ ಫ್ಲಾರಿಡಾ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ಹೈಡಿ ಎಂಬ ವಿದುಷಿಯು 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಮಕ್ಕಳನ್ನು ಮೂರು ಬಗೆಯಾಗಿ ಕಂಡಿದ್ದಾರೆ: ತೀವ್ರ ದೌರ್ಜನ್ಯಕ್ಕೆ ಒಳಗಾದವರು, ತೀವ್ರ ಮನೋರೋಗಕ್ಕೆ ತುತ್ತಾದವರು, ಸ್ವಾರ್ಥಕ್ಕಾಗಿ ಯಾರನ್ನೂ ಬಲಿಗೊಡಬಲ್ಲ ಸಮಾಜಘಾತುಕ ಸ್ವಭಾವದವರು. ಹದಿಹರೆಯದಲ್ಲಿ ಕೊಂದವರಲ್ಲಿ ಮೊದಲ ಬಗೆಯವರೇ ಮುಖ್ಯವಾಗಿ ಕಾಣುತ್ತಾರೆಂದೂ, ಅವರಲ್ಲಿ ಅನೇಕರು ಕೊಲೆಗೆ ಮುನ್ನ ಯಾರಲ್ಲಿಯಾದರೂ ನೆರವು ಯಾಚಿಸಿ ವಿಫಲರಾಗಿದ್ದರೆಂದೂ, ಮನೆಬಿಟ್ಟು ಓಡಿ ಮತ್ತೆ ಸಿಕ್ಕಿಬಿದ್ದಿದ್ದರೆಂದೂ ಆ ಅಧ್ಯಯನವು ಗುರುತಿಸಿತು. ಅಮೆರಿಕದ ಬಂದೂಕಿನ ಮನೆಗಳಿಂದ ಬಂದ ಈ ತೀರ್ಮಾನವನ್ನು ಬೆಳಗಾವಿಯ ಹಳ್ಳಿಗೆ ಯಥಾವತ್ತಾಗಿ ಹೊಂದಿಸಲಾಗದು. ಇಲ್ಲಿ ಹೊಲದ ಪಾಲು, ಕುಡಿತಕ್ಕೆ ಬೇಡಿದ ಹಣ, ಒಪ್ಪದ ಮದುವೆ ಎಂಬ ಕಾರಣಗಳು ಮುಂದೆ ನಿಲ್ಲುತ್ತವೆ. ಕೊಲ್ಲುವವರು ಬಹುತೇಕ ವಯಸ್ಕರು. ಆದರೆ ನೆರವು ಕೇಳಿದಾಗ ದೊರೆಯಲಿಲ್ಲ ಎಂಬ ಒಂದು ಸಂಗತಿಗೆ ದೇಶದ ಭೇದವಿಲ್ಲ. ಪೆಟ್ಟು ತಿಂದ ಮಗು ಸೋದರಮಾವನಿಗೆ ಹೇಳುತ್ತದೆ. ಮಾವ “ಅಪ್ಪನಲ್ಲವೇನಪ್ಪಾ, ಸಹಿಸಿಕೋ” ಎನ್ನುತ್ತಾನೆ. ಮಗನಿಂದ ಪೆಟ್ಟು ತಿಂದ ತಾಯಿ ಬಾಗಿಲು ಜಾರಿ ಬಡಿಯಿತೆಂದು ನೆರೆಮನೆಯವಳಿಗೆ ಹೇಳುತ್ತಾಳೆ. ನೆರೆಯವಳು ನಂಬಿದಂತೆ ನಟಿಸುತ್ತಾಳೆ. ಮನೆಯ ಮರ್ಯಾದೆ ಎಂಬುದರ ಹೆಸರಿನಲ್ಲಿ ನಡೆಯುವ ಈ ಮೌನವು ಅನುಮೋದನೆಗೆ ಬಹಳ ದೂರವಲ್ಲ.

ಮನೋರೋಗದ ವಿಷಯದಲ್ಲಿ ಮೌನವು ಇನ್ನೂ ಕ್ರೂರವಾದುದು. ಮನೋರೋಗಿಗಳಲ್ಲಿ ಬಹುಸಂಖ್ಯಾತರು ಯಾರಿಗೂ ಕೇಡು ಮಾಡುವವರಲ್ಲ. ಆದರೆ ಇಲ್ಲದ ಧ್ವನಿಗಳನ್ನು ಕೇಳುವ, ತಾಯಿ ಅನ್ನದಲ್ಲಿ ವಿಷವಿಡುತ್ತಿದ್ದಾಳೆಂದು ನಂಬುವ ಮಗನನ್ನು, ತಂಗಿಯ ಸಂಬಂಧ ಕೆಡುವುದೆಂದು ಮುಚ್ಚಿಟ್ಟು, ಮದುವೆ ಮಾಡಿದರೆ ಸರಿಹೋಗುತ್ತಾನೆಂದು ಕಾಯುವ ಕುಟುಂಬವು ಅಪಾಯವನ್ನು ತಾನೇ ಒಳಗಿರಿಸಿಕೊಂಡಿರುತ್ತದೆ. ಕಣಕುಂಬಿಯವರಿಗೂ ಖಾನಾಪುರದವರಿಗೂ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ದೂರವೇನೂ ಅಲ್ಲ. 2022ರಿಂದ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೂ ಸಲಹೆ ದೊರೆಯುತ್ತದೆ. ಇದನ್ನು ಕರ್ಮೋದಯವೆಂದು ಕೈಕಟ್ಟಿ ಕೂರುವವರು ಜ್ವರಕ್ಕೆ ಮಾತ್ರ ವೈದ್ಯರ ಬಳಿಗೆ ಹೋಗುವುದೇಕೆ?

ಹೀಗೆ ಕಾರಣಗಳನ್ನು ಅರಿಯುವುದು ಕೊಲೆಗಾರನಿಗೆ ವಕಾಲತ್ತು ವಹಿಸಿದಂತೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಈ ಶಂಕೆ ಹಳೆಯದು. ಪಿತೃಹತ್ಯೆಗೆ ಶಿಕ್ಷೆಯನ್ನೇಕೆ ವಿಧಿಸಲಿಲ್ಲವೆಂದು ಕೇಳಿದಾಗ, ಅಂಥದನ್ನು ಯಾರೂ ಮಾಡಲಾರರೆಂದು ಭಾವಿಸಿದ್ದೆನೆಂದು ಗ್ರೀಕರ ಶಾಸನಕಾರ ಸೋಲೋನನು ಉತ್ತರಿಸಿದನೆಂದು ಸಿಸೆರೊ ಹೇಳುತ್ತಾನೆ. ರೋಮನರು ಅಪರಾಧಿಯನ್ನು ಚೀಲದಲ್ಲಿ ಹೊಲಿದು ನೀರಿಗೆ ಎಸೆಯುತ್ತಿದ್ದರು. ಮುಂದಿನ ಕಾಲದಲ್ಲಿ ನಾಯಿ, ಕೋಳಿ, ಹಾವು, ಕೋತಿಗಳನ್ನೂ ಅದೇ ಚೀಲದಲ್ಲಿ ತುಂಬುವ ಕ್ರಮ ಬಂತು. ಒಬ್ಬನು ಕಣ್ಣು ಮುಚ್ಚಿಕೊಂಡ, ಇನ್ನೊಬ್ಬರು ಕಣ್ಣಿಗೆ ಕಾಣದಂತೆ ಹೊಲಿದರು. ಜೈನ ದರ್ಶನವು ಉಪಾದಾನ ಮತ್ತು ನಿಮಿತ್ತಗಳನ್ನು ಬೇರ್ಪಡಿಸುತ್ತದೆ. ತಂದೆಯ ಕ್ರೌರ್ಯ, ಹೊಲದ ವ್ಯಾಜ್ಯ, ತಾಯಿಯ ತಾತ್ಸಾರ ನಿಮಿತ್ತಗಳು. ಕಷಾಯವು ಕೊಂದವನ ಸ್ವಂತದ್ದು. ನಿಮಿತ್ತವನ್ನು ಎಷ್ಟು ಸ್ಪಷ್ಟವಾಗಿ ತೋರಿಸಿದರೂ ಉಪಾದಾನದ ಭಾರ ಒಂದು ಗುಲಗಂಜಿಯಷ್ಟೂ ಇಳಿಯದು. ಅಂತೆಯೇ ಉಪಾದಾನವನ್ನು ಎಷ್ಟು ದೂಷಿಸಿದರೂ ನಿಮಿತ್ತವಾದವರು ನಿರ್ದೋಷಿಗಳಾಗರು.

ಕ್ರೋಧವನ್ನು ನೀರಿನ ಗೆರೆ, ಮರಳಿನ ಗೆರೆ, ನೆಲದ ಬಿರುಕು, ಬಂಡೆಯ ಬಿರುಕು ಎಂದು ನಾಲ್ಕಾಗಿ ಹೇಳುವ ಕಷಾಯವಿವೇಚನೆಯೂ ಇಲ್ಲಿ ನೆನಪಾಗುತ್ತದೆ. ಒಂದೇ ಕೊಲೆ, ಒಂದೇ ಕೊಡಲಿ. ಒಳಗಿನ ಗೆರೆ ಬೇರೆ ಬೇರೆ. ಕುಡಿದು ತಾಯಿಯನ್ನು ಬಡಿಯುತ್ತಿರುವ ತಂದೆಯ ಮೇಲೆ ಆ ಕ್ಷಣದಲ್ಲಿ ಒನಕೆ ಎತ್ತಿದ ಬಾಲಕನನ್ನೂ, ಆಸ್ತಿಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ತಿಂಗಳುಗಟ್ಟಲೆ ಹೊಂಚು ಹಾಕಿದವನನ್ನೂ ಧರ್ಮವು ಒಂದೇ ಎಂದು ಎಣಿಸದು. ನ್ಯಾಯಾಲಯವೂ ಎಣಿಸದು. ಸರ್ವೋಚ್ಚ ನ್ಯಾಯಾಲಯವು 1961ರ ನಾನಾವತಿ ಪ್ರಕರಣದಲ್ಲಿ, ಸತ್ತವನ ಹಿಂದಿನ ನಡತೆಯಿಂದ ಆರೋಪಿಯಲ್ಲಿ ಉಂಟಾದ ಮನೋಭೂಮಿಕೆಯನ್ನು ಗಣನೆಗೆ ತೆಗೆದುಕೊಳ್ಳಬಹುದು, ಆದರೆ ಕ್ರೋಧ ಆರಲು ಅವಕಾಶ ದೊರೆತ ಮೇಲೆ ಪ್ರಚೋದನೆಯ ರಿಯಾಯಿತಿಯಿಲ್ಲ ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮು, ತನ್ನ ಕೃತ್ಯದ ಸ್ವರೂಪವನ್ನೇ ಅರಿಯಲಾರದಷ್ಟು ಚಿತ್ತವಿಕಲನಾದವನನ್ನು ಅಪರಾಧಿಯೆಂದು ಕರೆಯುವುದಿಲ್ಲ. ಆಸ್ತಿಗಾಗಿ ಕೊಂದವನ ಪಾಡು ಬೇರೆ: ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 25ನೆಯ ಕಲಮಿನಂತೆ, ಕೊಂದವನಿಗೆ ಕೊಲೆಯಾದವರ ಸ್ವತ್ತಿನಲ್ಲಿ ಕವಡೆಯೂ ಸಲ್ಲದು. ಪಡೆಯಲೆಂದು ಕೊಂದದ್ದೇ ಕೈತಪ್ಪುವಂತೆ ಶಾಸನ ರಚಿಸಿದವರು ಮನುಷ್ಯನ ಲೋಭವನ್ನು ಚೆನ್ನಾಗಿ ಬಲ್ಲವರು.

ಇನ್ನುಳಿಯುವುದು ಕೊಂದ ಮೇಲೆ ಬದುಕಿರುವವನ ಪ್ರಶ್ನೆ. ಬಾಲಾಪರಾಧಿಯು ಕೆಲವೇ ವರ್ಷಗಳಲ್ಲಿ ಹೊರಬರುತ್ತಾನೆ. ವಯಸ್ಕನೂ ಒಂದು ದಿನ ಬರಬಹುದು. ಬಂದವನಿಗೆ ಬಸದಿಯ ಮೆಟ್ಟಿಲ ಮೇಲೆ ಎಡೆಯುಂಟೇ? ತಂಗಿಯೋ ಚಿಕ್ಕಪ್ಪನೋ ಅವನನ್ನು ಮನೆಗೆ ಕರೆದುಕೊಂಡರೆ, ಪರ್ಯೂಷಣದ ಕೊನೆಯಲ್ಲಿ ಸಕಲ ಜೀವಿಗಳನ್ನೂ ಕ್ಷಮಿಸುವೆನೆಂದು ಕೈಮುಗಿಯುವ ಸಮಾಜವು ಆ ಮನೆಯವರಿಗೂ ಹಾಗೆಯೇ ಕೈಮುಗಿಯುವುದೇ? ಪ್ರಾಯಶ್ಚಿತ್ತದ ಒಂಬತ್ತು ಬಗೆಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರವು ಸಂಘದಿಂದ ದೂರವಿಡುವ ಪರಿಹಾರವನ್ನು ಎಂಟನೆಯದಾಗಿ ಹೇಳಿ, ಮತ್ತೆ ವ್ರತದಲ್ಲಿ ನೆಲೆಗೊಳಿಸುವ ಉಪಸ್ಥಾಪನೆಯನ್ನು ಒಂಬತ್ತನೆಯದಾಗಿ ಇಡುತ್ತದೆ. ಅದು ಮುನಿಗಳಿಗೆ ಹೇಳಿದ ಕ್ರಮ, ನಿಜ. ಆದರೆ ಹೊರಗಿಡುವುದೇ ಅಲ್ಲಿಯೂ ಕೊನೆಯಲ್ಲ.

ಕೂಣಿಕನಿಗೆ ರಾಜಗೃಹದಲ್ಲಿ ಇರಲಾಗಲಿಲ್ಲ. ತಂದೆಯ ನೆನಪನ್ನು ತಾಳಲಾರದೆ ರಾಜಧಾನಿಯನ್ನೇ ಚಂಪಾನಗರಕ್ಕೆ ಒಯ್ದ. ಅಲ್ಲಿಗೆ ಮಹಾವೀರರು ದಯಮಾಡಿಸಿದಾಗ ಅವನು ಪರಿವಾರಸಹಿತನಾಗಿ ದರ್ಶನಕ್ಕೆ ಹೋದ ವೃತ್ತಾಂತವು ಔಪಪಾತಿಕ ಸೂತ್ರದಲ್ಲಿ ದೀರ್ಘವಾಗಿ ವರ್ಣಿತವಾಗಿದೆ. ಅವನಿಗೆ ನರಕ ತಪ್ಪಲಿಲ್ಲವೆಂದೇ ಪರಂಪರೆ ಹೇಳುತ್ತದೆ. ಆದರೆ ಅಂದು ಚಂಪೆಯಲ್ಲಿ ಅವನು ಆನೆಯಿಂದಿಳಿದು, ಖಡ್ಗ, ಛತ್ರ, ಕಿರೀಟಗಳನ್ನು ತೆಗೆದಿರಿಸಿ ಒಳಗೆ ನಡೆದಾಗ, ಯಾರೂ ಅವನನ್ನು ತಡೆಯಲಿಲ್ಲ.